ಚಿತ್ರದಲ್ಲಿರುವ ಹಕ್ಕಿ ಯಾವುದು?

ಅವಳಿ ಮಕ್ಕಳನ್ನು ಗುರುತಿಸುವುದು ಹೆತ್ತ ತಾಯಿಗೆ ಕಷ್ಟವಲ್ಲ; ಕಷ್ಟವೆಲ್ಲ ನೆರೆಮನೆಯವರದು. ದಕ್ಷಿಣ ಅಮೆರಿಕದ ಪುಟ್ಟ ನೊಣಹಿಡುಕ ಹಕ್ಕಿಗಳ ಛಾಯಾಚಿತ್ರಗಳನ್ನು ಮುಂದಿಟ್ಟುಕೊಂಡಾಗ ನಾವೆಲ್ಲರೂ ಅಂಥ ನೆರೆಮನೆಯವರೇ. ನಮ್ಮ ನಾಡಿನ ನೊಣಹಿಡುಕಗಳಿಗೂ ಇವಕ್ಕೂ ಹೆಸರಿನ ನಂಟು ಮಾತ್ರ, ಕುಲ ಬೇರೆ. ಇವು ಅಮೆರಿಕ ಖಂಡಗಳಲ್ಲಿ ಮಾತ್ರ ಇರುವ ಟಿರಾನಿಡೆ ಕುಟುಂಬದವು. ಅದರಲ್ಲಿ 400ಕ್ಕೂ ಹೆಚ್ಚು ಜಾತಿಗಳುಂಟು. ಎಷ್ಟೋ ಜಾತಿಗಳಿಗೆ ಒಂದೇ ಉಡುಪು: ಬೆನ್ನು ಮಾಸಲು ಹಸಿರು, ಹೊಟ್ಟೆ ಬಿಳಿಚು ಇಲ್ಲವೆ ತಿಳಿಹಳದಿ.

ಎಲೇನಿಯ ಎಂಬ ಗುಂಪನ್ನೇ ನೋಡೋಣ. ದೊಡ್ಡ ಎಲೇನಿಯ ಸುಮಾರು 18 ಸೆಂಟಿಮೀಟರ್ ಉದ್ದ. ಸಣ್ಣಕೊಕ್ಕಿನ ಎಲೇನಿಯ 15ಕ್ಕಿಂತ ತುಸು ಕಡಿಮೆ. ಎರಡಕ್ಕೂ ರೆಕ್ಕೆಯ ಮೇಲೆ ಸಾಮಾನ್ಯವಾಗಿ ಮೂರು ಬಿಳಿ ಪಟ್ಟಿ. ಆದರೆ ಚಿತ್ರದಲ್ಲಿ ಅಳತೆಗೋಲು ಎಲ್ಲಿದೆ? ಆದ್ದರಿಂದ ಉದ್ದವನ್ನು ಬಿಟ್ಟು ಪ್ರಮಾಣವನ್ನು ನೋಡಬೇಕು: ತಲೆಗೆ ಹೋಲಿಸಿದರೆ ಕೊಕ್ಕು ಎಷ್ಟು, ತಲೆ ದುಂಡಗಿದೆಯೇ, ಕಣ್ಣಿನ ಸುತ್ತ ಬಿಳಿ ಉಂಗುರ ಎದ್ದು ಕಾಣುವುದೇ?

ಬಣ್ಣವನ್ನು ಮಾತ್ರ ಸುಲಭವಾಗಿ ನಂಬಬಾರದು. ಕಾಡಿನ ಎಲೆಗಳಿಂದ ಸೋಸಿ ಬಂದ ಬೆಳಕು ಬೂದು ಎದೆಗೂ ಹಸಿರು ಬಳಿಯುತ್ತದೆ. ರೆಕ್ಕೆಯ ಪಟ್ಟಿಗಳು ಗರಿಗಳ ತುದಿಯ ಬಣ್ಣವಷ್ಟೆ. ಗರಿ ಸವೆದಂತೆ ಅವೂ ಸವೆಯುತ್ತವೆ. ನೆತ್ತಿಯ ಬಿಳಿ ಮಚ್ಚೆ, ಜುಟ್ಟು ಮಲಗಿದಾಗ ಮರೆಯಾಗುತ್ತದೆ. ಒಂದೇ ಹಕ್ಕಿಯ ಎರಡು ಮೂರು ಚಿತ್ರಗಳಿದ್ದರೆ ಒಳಿತು. ತೆಗೆದ ಊರು, ತಿಂಗಳುಗಳನ್ನೂ ಕೇಳಬೇಕು. ಜೂನ್ ಅಲ್ಲಿ ಚಳಿಗಾಲ. ಆಗ ಸಣ್ಣಕೊಕ್ಕಿನ ಎಲೇನಿಯ ದಕ್ಷಿಣದ ತವರನ್ನು ಬಿಟ್ಟು ಅಮೆಜಾನ್ ಕಡೆಗೆ ಹೋಗಿರುತ್ತದೆ.

ಇಷ್ಟಾದರೂ ಚಿತ್ರಕ್ಕೆ ಬಾಯಿಲ್ಲವೆಂಬ ಕೊರತೆ ಉಳಿಯುತ್ತದೆ. ಉತ್ತರ ಅಮೆರಿಕದಲ್ಲಿ ಮರಿಮಾಡಿ ಚಳಿಗೆ ದಕ್ಷಿಣಕ್ಕೆ ಇಳಿಯುವ ಆಲ್ಡರ್, ವಿಲ್ಲೋ ಎಂಬೆರಡು ನೊಣಹಿಡುಕಗಳನ್ನು 1973ರವರೆಗೆ ಒಂದೇ ಜಾತಿಯೆಂದು ಎಣಿಸಿದ್ದರು. ಅವುಗಳ ಗುಟ್ಟು ರಟ್ಟಾದದ್ದು ಹಾಡಿನಿಂದ: ಒಂದರದು ‘ಫೀ-ಬೀ-ಓ’, ಇನ್ನೊಂದರದು ‘ಫಿಟ್ಸ್-ಬ್ಯೂ’. ತಾಯಿತಂದೆಯರ ಹಾಡು ಕೇಳದೆ ಬೆಳೆದ ಮರಿಗಳೂ ತಮ್ಮ ಜಾತಿಯ ಹಾಡನ್ನೇ ಹಾಡಿದವೆಂದು 1984ರಲ್ಲಿ ಡೊನಾಲ್ಡ್ ಕ್ರೂಡ್ಸ್‌ಮಾ ತೋರಿಸಿದರು. ಪರಊರಿನಲ್ಲಿ ಮಕ್ಕಳನ್ನು ಬೆಳೆಸುವ ನಮಗೆ ಆ ಭಾಗ್ಯವಿಲ್ಲ. ನಮ್ಮ ಮಾತನ್ನು ಕಲಿಸಿದರೆ ಉಂಟು, ಇಲ್ಲದಿದ್ದರೆ ಇಲ್ಲ.

ಇಷ್ಟು ಸಣ್ಣ ಹಕ್ಕಿಯ ಹೆಸರಿಗೆ ಇಷ್ಟು ತಲೆನೋವೇಕೆ ಎಂದು ವಾಚಕರು ಕೇಳಬಹುದು. ಬ್ರೆಜಿಲ್ ದೇಶದ ಈಶಾನ್ಯದಲ್ಲಿ ಅಲಗೋವಾಸ್ ಎಂಬ ರಾಜ್ಯವಿದೆ. ಅಲ್ಲಿನ ಒಂದು ಪುಟ್ಟ ನೊಣಹಿಡುಕ ವಿಜ್ಞಾನದ ಪಟ್ಟಿಗೆ ಸೇರಿದ್ದು 1987ರಷ್ಟು ಈಚೆಗೆ. ಅಳಿದುಳಿದ ಕಾಡಿನ ತುಣುಕುಗಳೇ ಅದರ ಮನೆ. ಅದು ಇಂದು ಅಳಿವಿನ ಅಂಚಿನಲ್ಲಿದೆ. ಇಂಥ ಹಕ್ಕಿಯನ್ನು ಸಾಮಾನ್ಯ ಜಾತಿಯೆಂದು ಬರೆದರೆ ಅದರ ಕಾಡಿನ ಪರವಾಗಿರುವ ಸಾಕ್ಷಿಯೊಂದು ಕಡಿಮೆಯಾಗುತ್ತದೆ. ಇಲ್ಲದ ಕಡೆ ಇದೆಯೆಂದು ಬರೆದರೆ ಸುಳ್ಳು ಸಮಾಧಾನ ಹುಟ್ಟುತ್ತದೆ.

ಆದ್ದರಿಂದ, ಗುರುತು ಸಿಕ್ಕದಾಗ ‘ಎಲೇನಿಯ, ಜಾತಿ ತಿಳಿಯದು’ ಎಂದು ಬರೆದಿಡುವುದು ಸೋಲಲ್ಲ. ಕಂಡದ್ದನ್ನು ಕಂಡಷ್ಟೇ ಹೇಳುವುದೂ ಒಂದು ವಿದ್ಯೆಯೇ.