ಸಮಾರಂಭ ನಡೆಸುವ ಕಸಬು: ನಮ್ಮ ಯುವಕರು ಕಲಿಯಬೇಕಾದುದೇನು?

“ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು” ಎಂದು ಹಿರಿಯರು ಸುಮ್ಮನೆ ಹೇಳಲಿಲ್ಲ. ಒಂದು ಮದುವೆಯನ್ನು ಲೋಪವಿಲ್ಲದೆ ನಡೆಸುವುದು ಎಷ್ಟು ಕಷ್ಟವೆಂಬುದು ಪ್ರತಿಯೊಂದು ರೈತ ಕುಟುಂಬಕ್ಕೂ ಗೊತ್ತು. ಆ ಕಷ್ಟವನ್ನು ಹಣ ಪಡೆದು ತಾವು ಹೊತ್ತುಕೊಳ್ಳುವುದೇ ಈಗ ಒಂದು ಕಸಬಾಗಿದೆ. ಪಟ್ಟಣದವರು ಇದನ್ನು ಈವೆಂಟ್ ಮ್ಯಾನೇಜ್‌ಮೆಂಟ್ ಎನ್ನುತ್ತಾರೆ. ನಾವು ಸಮಾರಂಭ ನಿರ್ವಹಣೆ ಎನ್ನೋಣ.

ಬೆಂಗಳೂರಿನ ಉತ್ತರ ಭಾಗದಲ್ಲಿ ಈ ಕೆಲಸಕ್ಕೆ ಕೊರತೆಯಿಲ್ಲ. ಯಲಹಂಕದ ವಾಯುನೆಲೆಯಲ್ಲಿ 1996ರಿಂದ ಏರೋ ಇಂಡಿಯಾ ವಿಮಾನ ಪ್ರದರ್ಶನ ನಡೆದುಬಂದಿದೆ. ಹೆಬ್ಬಾಳದಾಚೆ ಕೃಷಿ ವಿಶ್ವವಿದ್ಯಾಲಯದ ಜಿ.ಕೆ.ವಿ.ಕೆ. ಆವರಣದ ಕೃಷಿ ಮೇಳಕ್ಕೆ ನಮ್ಮಲ್ಲಿ ಹೋಗದವರು ಕಡಿಮೆ. ಯಶವಂತಪುರ ದಾಟಿದರೆ ತುಮಕೂರು ರಸ್ತೆಯ ಮಾದಾವರದಲ್ಲಿ ಅಂತರರಾಷ್ಟ್ರೀಯ ವಸ್ತುಪ್ರದರ್ಶನ ಕೇಂದ್ರವಿದೆ. 2008ರಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣ ತೆರೆದ ಮೇಲೆ ಬಳ್ಳಾರಿ ರಸ್ತೆಯ ಇಕ್ಕೆಲಗಳಲ್ಲೂ ಕಲ್ಯಾಣ ಮಂಟಪಗಳು ಎದ್ದಿವೆ.

ಇವುಗಳಲ್ಲಿ ಎಷ್ಟೋ ಮಂಟಪಗಳು ಹಿಂದೆ ರಾಗಿ ಬೆಳೆದ ಹೊಲಗಳು. ಇಂದು ಅಲ್ಲಿ ನಮ್ಮ ಹುಡುಗರು ಕುರ್ಚಿ ಹೊರುತ್ತಾರೆ, ಕಾರು ನಿಲ್ಲಿಸುತ್ತಾರೆ, ಪಾತ್ರೆ ತೊಳೆಯುತ್ತಾರೆ. ಇದು ಕೀಳು ಕೆಲಸವೇನೂ ಅಲ್ಲ. ಆದರೆ ತಂದೆ ಉಳುತ್ತಿದ್ದ ನೆಲದಲ್ಲಿ ಮಗ ಕೊನೆಯವರೆಗೂ ದಿನಗೂಲಿಯಾಗಿಯೇ ಉಳಿಯಬೇಕೆ? ಕುರ್ಚಿ ಹೊರುವವನಿಗೂ ಕುರ್ಚಿ ಎಷ್ಟು ಬೇಕೆಂದು ನಿರ್ಧರಿಸುವವನಿಗೂ ಇರುವ ಅಂತರ ಕೆಲವು ಲೆಕ್ಕಗಳು ಮತ್ತು ಕೆಲವು ನಿಯಮಗಳು ಮಾತ್ರ. ಅವನ್ನು ಕಲಿಯಬಹುದು.

ಮೊದಲು ಬೇಕಾದುದು ಲೆಕ್ಕ

ಈ ಕಸಬಿಗೆ ಅಲಂಕಾರವೇ ಮುಖ್ಯವೆಂದು ಹಲವರು ತಿಳಿದಿದ್ದಾರೆ. ಅದು ತಪ್ಪು. ಎಲ್ಲಕ್ಕೂ ಮೊದಲು ಬರುವುದು ಜಾಗ ಮತ್ತು ವೇಳೆಯ ಲೆಕ್ಕ.

ಒಂದು ಗುಂಟೆ ಎಂದರೆ 1,089 ಚದರಡಿ. ನಡುವೆ ಓಡಾಡುವ ದಾರಿಯನ್ನೂ ಸೇರಿಸಿ ಕುರ್ಚಿಯೊಂದಕ್ಕೆ 10 ಚದರಡಿ ಹಿಡಿದರೆ, ಗುಂಟೆಗೆ ಸುಮಾರು 100 ಕುರ್ಚಿ. ಕಾರು ನಿಲ್ಲಿಸಲು, ತಿರುಗಿಸಲು ಗುಂಟೆಗೆ 4 ಕಾರಿನಂತೆ ಹಿಡಿಯಿರಿ. ಹಾಗಾದರೆ 1,000 ಕಾರು ಬರುವ ಕಡೆ ಆರೂಕಾಲು ಎಕರೆ ಬೇಕು.

ಊಟದ ಲೆಕ್ಕವೂ ಹೀಗೆಯೇ. 1,000 ಮಂದಿಗೆ ಊಟ, ಒಂದು ಪಂಕ್ತಿಗೆ 200 ಎಲೆ ಎನ್ನಿ. ಬಡಿಸಿ, ಉಂಡೆದ್ದು, ಎಲೆ ತೆಗೆದು ಮತ್ತೆ ಹಾಕಲು 40 ನಿಮಿಷ ಹಿಡಿದರೆ ಐದು ಪಂಕ್ತಿಗೆ 3 ಗಂಟೆ 20 ನಿಮಿಷ. ಹನ್ನೆರಡೂವರೆಗೆ ಮೊದಲ ಪಂಕ್ತಿ ಕುಳಿತರೆ ಕೊನೆಯವರು ಎಲೆಯ ಮುಂದೆ ಕೂಡುವುದು 3 ಗಂಟೆ 10 ನಿಮಿಷಕ್ಕೆ! ಅಡಿಗೆ ಎಷ್ಟೇ ರುಚಿಯಾಗಿರಲಿ, ಬೀಗರ ಮುನಿಸು ತಪ್ಪದು. ಪಂಕ್ತಿಗೆ 334 ಎಲೆ ಹಾಕುವ ಜಾಗ ಮಾಡಿದರೆ ಮೂರೇ ಪಂಕ್ತಿ, ಎರಡೇ ಗಂಟೆ. ಈ ಲೆಕ್ಕವನ್ನು ಹಿಂದಿನ ತಿಂಗಳೇ ಹಾಕಬಲ್ಲವನೇ ನಿರ್ವಾಹಕ.

ಜನರ ಪ್ರಾಣ ನಿಮ್ಮ ಕೈಯಲ್ಲಿ

ಒಂದು ಚದರ ಮೀಟರ್ ಜಾಗದಲ್ಲಿ ಇಬ್ಬರು ನಿಂತರೆ ಸರಾಗ, ನಾಲ್ವರು ನಿಂತರೆ ಇಕ್ಕಟ್ಟು. ಐದಾರು ಮಂದಿಯಾದರೆ ಯಾರೂ ತಮ್ಮಿಷ್ಟದಂತೆ ಹೆಜ್ಜೆ ಇಡಲಾರರು. ನೂಕುನುಗ್ಗಲಿನಲ್ಲಿ ಬಹುಮಂದಿ ಸಾಯುವುದು ತುಳಿತದಿಂದಲ್ಲ, ಎದೆ ಅದುಮಿ ಉಸಿರು ಕಟ್ಟುವುದರಿಂದ. 2025ರ ಜೂನ್ 4ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ವಿಜಯೋತ್ಸವಕ್ಕೆ ಸೇರಿದ ಜನಸಂದಣಿಯಲ್ಲಿ 11 ಮಂದಿ ಪ್ರಾಣ ಕಳೆದುಕೊಂಡರು. ಇದನ್ನು ಈ ಕಸಬಿನವರು ಎಂದೂ ಮರೆಯತಕ್ಕದ್ದಲ್ಲ.

ಕೆರೆಯ ನೀರನ್ನು ತೂಬಿನಲ್ಲಿ ತಡೆಯುತ್ತೇವೆಯೇ ಹೊರತು ಗದ್ದೆಯ ಬದುವಿನಲ್ಲಲ್ಲ. ಜನರನ್ನೂ ಹಾಗೆಯೇ ಬಾಗಿಲಿಗೆ ಬಹಳ ಮುಂಚೆಯೇ, ದೂರದಲ್ಲಿ, ಸ್ವಲ್ಪ ಸ್ವಲ್ಪವಾಗಿ ಬಿಡಬೇಕು. ಒಳಬರಲು ಒಂದು ದಾರಿ, ಹೊರಹೋಗಲು ಬೇರೊಂದು ದಾರಿ ಇರಬೇಕು. ಆಂಬುಲೆನ್ಸಿಗೆ ಬಿಟ್ಟ ದಾರಿಯಲ್ಲಿ ಯಾವ ವಾಹನವನ್ನೂ ನಿಲ್ಲಿಸಗೊಡಬಾರದು.

ಬೆಂಕಿಯ ಪಾಠವಂತೂ ಯಲಹಂಕದಲ್ಲಿಯೇ ಆಯಿತು. 2019ರ ಫೆಬ್ರವರಿ 23ರಂದು ವಿಮಾನ ಪ್ರದರ್ಶನಕ್ಕೆ ಬಂದವರ ಕಾರುಗಳು ನಿಂತಿದ್ದ ಬಯಲಿನಲ್ಲಿ ಒಣಹುಲ್ಲಿಗೆ ಬೆಂಕಿ ಹತ್ತಿತು. ಅದು ಗಾಳಿಗೆ ಹರಡಿ ಸುಮಾರು 300 ಕಾರುಗಳು ಸುಟ್ಟುಹೋದವು. ಪುಣ್ಯಕ್ಕೆ ಜೀವಹಾನಿಯಾಗಲಿಲ್ಲ. ಬಣವೆಯ ಬಳಿ ಬೀಡಿ ಸೇದಬಾರದೆಂದು ನಮ್ಮ ಮನೆಯ ಮಕ್ಕಳಿಗೂ ಗೊತ್ತು. ಅದೇ ಎಚ್ಚರ ಇಲ್ಲಿಯೂ ಬೇಕು. ಹುಲ್ಲು ಕೊಯ್ಸುವುದು, ಕಾರಿನ ಸಾಲುಗಳ ನಡುವೆ ಅಗಲವಾದ ಬರಿನೆಲ ಬಿಡುವುದು, ನೀರು, ಮರಳು, ಬೆಂಕಿ ನಂದಿಸುವ ಸಿಲಿಂಡರುಗಳನ್ನು ಕೈಗೆಟಕುವಂತೆ ಇಡುವುದು ಇವೇ ಮುಖ್ಯ. ಶಾಮಿಯಾನದ ವಿದ್ಯುತ್ ತಂತಿಯನ್ನು ಪರವಾನಗಿ ಪಡೆದ ಕೆಲಸಗಾರನಿಂದಲೇ ಹಾಕಿಸಬೇಕು. ಒದ್ದೆ ನೆಲದ ಮೇಲೆ ತಂತಿ ಹರಿಸಕೂಡದು.

ನಿಯಮ ಮತ್ತು ಕಾಗದ

ಧ್ವನಿವರ್ಧಕಕ್ಕೆ ಅನುಮತಿ ಪಡೆಯಬೇಕು. 2000ದ ಶಬ್ದಮಾಲಿನ್ಯ ನಿಯಮಗಳಂತೆ ರಾತ್ರಿ 10ರಿಂದ ಬೆಳಗಿನ 6ರವರೆಗೆ ಬಯಲಿನಲ್ಲಿ ಮೈಕು ಹಾಕುವಂತಿಲ್ಲ. ಅಡಿಗೆಯ ಗುತ್ತಿಗೆ ಹಿಡಿಯುವವರು 2006ರ ಆಹಾರ ಸುರಕ್ಷತಾ ಕಾಯಿದೆಯಂತೆ ನೋಂದಣಿ ಅಥವಾ ಪರವಾನಗಿ ಪಡೆಯಬೇಕು. ಯಾವ ಕೆಲಸ, ಎಷ್ಟು ಹಣ, ಮುಂಗಡವೆಷ್ಟು, ಸಮಾರಂಭ ನಿಂತುಹೋದರೆ ಗತಿಯೇನು ಎಂಬುದನ್ನು ಕಾಗದದಲ್ಲಿ ಬರೆದು ಎರಡೂ ಕಡೆಯವರು ರುಜು ಹಾಕತಕ್ಕದ್ದು. ಬಾಯಿಮಾತಿನ ಗುತ್ತಿಗೆಯಿಂದ ಶಾಮಿಯಾನದ ಬಾಡಿಗೆಯನ್ನು ಕೈಯಿಂದ ತೆತ್ತವರುಂಟು.

ಕಲಿಯುವುದೆಲ್ಲಿ?

ಮೊದಲನೆಯದಾಗಿ, ಅನುಭವವುಳ್ಳ ಗುತ್ತಿಗೆದಾರರ ಕೈಕೆಳಗೆ ಒಂದು ಲಗ್ನದ ಕಾಲ ಪೂರ್ತಿ ದುಡಿಯಿರಿ. ಕುರ್ಚಿ ಹೊರುವಾಗಲೇ ಜೇಬಿನಲ್ಲಿ ಒಂದು ಪುಸ್ತಕವಿಟ್ಟುಕೊಂಡು ಸಾಮಾನೆಷ್ಟು, ಆಳೆಷ್ಟು, ವೇಳೆಯೆಷ್ಟು ಎಂದು ಬರೆದುಕೊಳ್ಳಿ.

ಎರಡನೆಯದಾಗಿ, ಒಂದು ಕೈಕೆಲಸವನ್ನು ಚೆನ್ನಾಗಿ ಕಲಿಯಿರಿ. ಐ.ಟಿ.ಐ.ಯಲ್ಲಿ ಎಲೆಕ್ಟ್ರಿಷಿಯನ್ ಶಿಕ್ಷಣ ಎರಡು ವರ್ಷದ್ದು. ನೆಲಮಂಗಲದ ಬಳಿ ಅರಿಶಿನಕುಂಟೆಯಲ್ಲಿ ರುಡ್‌ಸೆಟ್ ಸಂಸ್ಥೆಯುಂಟು. 1982ರಲ್ಲಿ ಉಜಿರೆಯಲ್ಲಿ ಆರಂಭವಾದ ಈ ಸಂಸ್ಥೆ ಹಳ್ಳಿಯ ನಿರುದ್ಯೋಗಿಗಳಿಗೆ ಊಟ ವಸತಿಯೊಡನೆ ಉಚಿತವಾಗಿ ಸ್ವಂತ ಉದ್ಯೋಗದ ತರಬೇತಿ ಕೊಡುತ್ತದೆ. ಮುಂದೆ ಯಾವ ಯಾವ ತರಬೇತಿಗಳು ನಡೆಯುತ್ತವೆಂದು ಅಲ್ಲಿಯೇ ವಿಚಾರಿಸಿರಿ. ಪ್ರಥಮ ಚಿಕಿತ್ಸೆಯ ತರಬೇತಿ ಪಡೆದರೆ ಇನ್ನೂ ಒಳ್ಳೆಯದು.

ಮೂರನೆಯದಾಗಿ, ಬೆಂಗಳೂರಿನ ಕೆಲವು ಕಾಲೇಜುಗಳಲ್ಲಿ ಈ ವಿಷಯದ ಡಿಪ್ಲೊಮಾ ಮತ್ತು ಪದವಿ ತರಗತಿಗಳೂ ಇವೆ. ಆದರೆ ಜಾಹೀರಾತು ಕಂಡು ಎಮ್ಮೆ ಮಾರಿ ಶುಲ್ಕ ಕಟ್ಟಬೇಡಿ. ಯಾವ ವಿಶ್ವವಿದ್ಯಾಲಯದ ಮಾನ್ಯತೆಯಿದೆ, ಕೈಕೆಲಸದ ಅಭ್ಯಾಸ ಎಷ್ಟು ವಾರ, ಹಿಂದೆ ಕಲಿತವರು ಎಲ್ಲಿ ಕೆಲಸದಲ್ಲಿದ್ದಾರೆ ಎಂಬ ಮೂರು ಪ್ರಶ್ನೆ ಕೇಳಿ. ಉತ್ತರ ಸ್ಪಷ್ಟವಾಗಿಲ್ಲದಿದ್ದರೆ ಎದ್ದು ಬನ್ನಿ.

ಹೆಣ್ಣುಮಕ್ಕಳಿಗೂ ಇಲ್ಲಿ ಎಡೆಯುಂಟು. ಮಹಿಳಾ ಸ್ವಸಹಾಯ ಸಂಘದವರು ಹೂ ಕಟ್ಟುವುದು, ಅಡಿಗೆ, ಲೆಕ್ಕಪತ್ರ ಇವನ್ನು ಒಟ್ಟಾಗಿ ವಹಿಸಿಕೊಳ್ಳಬಹುದು. ತೋಟದ ಹೂವು, ತರಕಾರಿ ನೇರವಾಗಿ ಸಮಾರಂಭಕ್ಕೆ ಹೋದರೆ ಬೆಳೆದವನಿಗೂ ನಾಲ್ಕು ಕಾಸು ಹೆಚ್ಚು.

ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಯನ್ನು ಕಂಡವರಿಗೆ ಈ ವಿದ್ಯೆ ತೀರ ಹೊಸದಲ್ಲ. ದನ ಕಟ್ಟಲು ಎಲ್ಲಿ, ನೀರು ಎಲ್ಲಿ, ತೇರಿನ ದಾರಿ ಎಲ್ಲಿ ಎಂದು ನಮ್ಮವರು ಮೊದಲಿನಿಂದಲೂ ಏರ್ಪಾಟು ಮಾಡಿದವರೇ. ಈ ಬಾರಿಯ ಊರ ಹಬ್ಬದಲ್ಲಿಯೇ ಪ್ರಾರಂಭಿಸಿ. ಊರಿನ ನಾಲ್ಕು ಯುವಕರಿಗೆ, ನಾಲ್ಕು ಯುವತಿಯರಿಗೆ ಹಬ್ಬದ ಜಾಗ, ಊಟ, ದಾರಿಗಳ ಲೆಕ್ಕವನ್ನು ಒಪ್ಪಿಸಿ. ಹಬ್ಬದ ಮರುದಿನ ಎಲ್ಲರೂ ಕುಳಿತು ಎಲ್ಲಿ ತಪ್ಪಿತೆಂದು ನೋಡಿ. ಅದೇ ಮೊದಲ ಪಾಠ, ಅದಕ್ಕೆ ಶುಲ್ಕವೂ ಇಲ್ಲ.