ಬಲೆ ತುಂಬಿದೆ, ಕಡಲು ತುಂಬಿದೆಯೇ? ಬೂತಾಯಿ ಹೇಳುವ ಮಳೆಗಾಲದ ಕಥೆ

ಇವತ್ತು ಬೂತಾಯಿ ಬಗ್ಗೆ ಮಾತಾಡೋಣ. ಮಂಗಳೂರು, ಉಡುಪಿ ಕಡೆ ಬೂತಾಯಿ, ಕಾರವಾರದ ಕಡೆ ತಾರ್ಲೆ, ಕೇರಳಕ್ಕೆ ಹೋದರೆ ಮತ್ತಿ. ಹೆಸರು ಬೇರೆ ಬೇರೆ, ಮೀನು ಒಂದೇ. ಅಗ್ಗವಾಗಿ ಸಿಗುವ, ಮನೆಮನೆಯ ಸಾರಿಗೆ ಬೀಳುವ ಮೀನು. ಆದರೆ ಈ ಮೀನಿಗೆ ಒಂದು ವಿಚಿತ್ರ ಗುಣ ಇದೆ. ಕೆಲವು ವರ್ಷ ಬಂದರಿನಲ್ಲಿ ಕಾಲಿಡಲು ಜಾಗ ಇಲ್ಲದಷ್ಟು ಬಂದು ಬೀಳುತ್ತದೆ, ಕೆಲವು ವರ್ಷ ಹುಡುಕಿದರೂ ಕಾಣಸಿಗಲ್ಲ.

ಎಷ್ಟರ ಮಟ್ಟಿಗೆ ಅಂತೀರಾ? ಬೂತಾಯಿ ಅತಿ ಹೆಚ್ಚು ಸಿಗುತ್ತಿದ್ದ ಪಕ್ಕದ ಕೇರಳದ ಲೆಕ್ಕವನ್ನೇ ನೋಡಿ. ಕೊಚ್ಚಿಯಲ್ಲಿರುವ ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯ ಪ್ರಕಾರ 2012ರಲ್ಲಿ ಅಲ್ಲಿ ದಡಕ್ಕೆ ಬಂದ ಬೂತಾಯಿ ಹತ್ತಿರಹತ್ತಿರ 4 ಲಕ್ಷ ಟನ್. 2021ರಲ್ಲಿ ಅದು 3,500 ಟನ್‌ಗಿಂತಲೂ ಕೆಳಗಿಳಿಯಿತು. ಅಂದರೆ ಮೊದಲಿನ ನೂರರಲ್ಲಿ ಒಂದು ಪಾಲೂ ಉಳಿಯಲಿಲ್ಲ. ಕಡಲೇ ಬತ್ತಿಹೋಯಿತಾ? ಇಲ್ಲ. ಹಾಗಾದರೆ ಏನಾಯಿತು? ಇದನ್ನು ತಿಳಿಯಬೇಕಾದರೆ ಮಳೆಗಾಲದಲ್ಲಿ ನಮ್ಮ ಕಡಲಿನ ಒಳಗೆ ಏನು ನಡೆಯುತ್ತದೆ ಅಂತ ಮೊದಲು ನೋಡಬೇಕು.

ಅಡಿಯ ನೀರು ಮೇಲಕ್ಕೆ

ನಾಡದೋಣಿಯ ಮೀನುಗಾರರು ಮಳೆಗಾಲ ಶುರುವಾದ ಕೂಡಲೇ ಒಂದು ಮಾತು ಹೇಳುತ್ತಾರೆ: ತೂಫಾನ್ ಆಗಬೇಕು, ಕಡಲು ಅಡಿಮೇಲಾಗಬೇಕು, ಆಮೇಲೆ ಮೀನು. ಈ ಮಾತಿನಲ್ಲಿ ವಿಜ್ಞಾನವೂ ಇದೆ.

ಮುಂಗಾರು ಗಾಳಿ ನೈಋತ್ಯದಿಂದ ಬರುತ್ತದೆ ಅಂತ ಶಾಲೆಯಲ್ಲಿ ಓದಿದ್ದೇವೆ. ಆದರೆ ನಮ್ಮ ದಡದ ಹತ್ತಿರ ಬರುವಾಗ ಅದು ತಿರುಗಿ, ಪಶ್ಚಿಮ ಮತ್ತು ವಾಯವ್ಯದ ಕಡೆಯಿಂದ ಬೀಸುತ್ತದೆ. ಅಂದರೆ ಗಾಳಿಯ ಒಂದಷ್ಟು ಬಲ ಕರಾವಳಿಯ ಉದ್ದಕ್ಕೂ ಉತ್ತರದಿಂದ ದಕ್ಷಿಣಕ್ಕೆ ಕೆಲಸ ಮಾಡುತ್ತದೆ. ಗಾಳಿ ತಳ್ಳಿದ ಕಡೆಗೇ ನೀರು ಹೋಗಬೇಕಲ್ವಾ? ಹೋಗಲ್ಲ. ಭೂಮಿ ತಿರುಗುತ್ತಿರುವುದರಿಂದ ಉತ್ತರಾರ್ಧಗೋಳದಲ್ಲಿ ಮೇಲ್ಪದರದ ನೀರು ಗಾಳಿಯ ಬಲಕ್ಕೆ ಸರಿಯುತ್ತದೆ. 1890ರ ದಶಕದಲ್ಲಿ ನಾರ್ವೆಯ ಅನ್ವೇಷಕ ನ್ಯಾನ್ಸೆನ್ ಉತ್ತರ ಧ್ರುವದ ಕಡಲಿನಲ್ಲಿ ಮಂಜುಗಡ್ಡೆಗಳು ಗಾಳಿಯ ದಿಕ್ಕಿಗೆ ಹೋಗದೆ ಬಲಕ್ಕೆ ವಾಲಿ ತೇಲುವುದನ್ನು ಗಮನಿಸಿದ್ದರು. ಅದರ ಲೆಕ್ಕ ಬಿಡಿಸಿದವರು ಸ್ವೀಡನ್ನಿನ ಎಕ್‌ಮನ್.

ಈಗ ಮಲ್ಪೆಯ ದಡದಲ್ಲಿ ದಕ್ಷಿಣಕ್ಕೆ ಮುಖ ಮಾಡಿ ನಿಂತುಕೊಳ್ಳಿ. ಬಲಗೈ ಕಡೆ ಏನಿದೆ? ಕಡಲು. ಗಾಳಿ ದಕ್ಷಿಣಕ್ಕೆ ತಳ್ಳಿದರೆ ಮೇಲಿನ ನೀರು ದಡ ಬಿಟ್ಟು ಕಡಲ ಕಡೆಗೆ ಸರಿಯುತ್ತದೆ. ಖಾಲಿಯಾದ ಜಾಗ ತುಂಬಲು ಕೆಳಗಿನ ತಣ್ಣನೆಯ ನೀರು ಏರಿ ಬರುತ್ತದೆ. ಇದೇ ನೀರಿನ ಮೇಲೇರುವಿಕೆ. ಕೇರಳದ ದಕ್ಷಿಣ ತುದಿಯಲ್ಲಿ ಮೇ ಹೊತ್ತಿಗೆ ಶುರುವಾಗಿ, ನಿಧಾನವಾಗಿ ಉತ್ತರಕ್ಕೆ ಸಾಗಿ ನಮ್ಮ ಕರಾವಳಿಗೂ ಬರುತ್ತದೆ. ಕೇರಳದಲ್ಲಿ ಇದರ ಬಲ ಜಾಸ್ತಿ, ನಮ್ಮಲ್ಲಿ ಸ್ವಲ್ಪ ಕಡಿಮೆ.

ಕೆರೆಯ ಹೂಳು ತೆಗೆದು ಗದ್ದೆಗೆ ಹಾಕಿದರೆ ಬೆಳೆ ಹೇಗೆ ಬರುತ್ತದೋ, ಹಾಗೇ ಇದು. ಕಡಲ ಆಳದಲ್ಲಿ ಕೂಡಿಟ್ಟಿದ್ದ ನೈಟ್ರೇಟು, ಫಾಸ್ಫೇಟು ಬೆಳಕಿರುವ ಕಡೆಗೆ ಬಂದಾಗ ಕಣ್ಣಿಗೆ ಕಾಣದ ಸಸ್ಯಗಳು, ಅಂದರೆ ಸಸ್ಯಪ್ಲವಕಗಳು ಹುಲುಸಾಗಿ ಬೆಳೆಯುತ್ತವೆ. ಬೂತಾಯಿ ಇವನ್ನೇ ಸೋಸಿ ತಿನ್ನುವ ಮೀನು. ಮೊಟ್ಟೆ ಇಡುವುದೂ ಹೆಚ್ಚಾಗಿ ಈ ಮಳೆಗಾಲದಲ್ಲೇ. ಮಳೆ ಮುಗಿದ ಮೇಲೆ ಸಿಗುವ ಬೂತಾಯಿಯಲ್ಲಿ ಎಣ್ಣೆ ಜಾಸ್ತಿ, ರುಚಿ ಜಾಸ್ತಿ ಅನ್ನುತ್ತೇವಲ್ಲ, ಅದು ಮಳೆಗಾಲದ ಊಟದ ಫಲ.

ಊಟ ಇದೆ, ಉಸಿರಿಲ್ಲ

ಇಲ್ಲಿವರೆಗೆ ಎಲ್ಲ ಚೆನ್ನಾಗಿದೆ. ಆದರೆ ಮೇಲೆ ಬರುವ ಆ ನೀರಿಗೆ ಇನ್ನೊಂದು ಮುಖ ಇದೆ.

ಅರಬ್ಬಿ ಸಮುದ್ರದ ಉತ್ತರ ಭಾಗ ಮೂರು ಕಡೆ ನೆಲದಿಂದ ಮುಚ್ಚಿದೆ. ಹೊಸ ನೀರು ಒಳಗೆ ಬರುವುದು ನಿಧಾನ. ಮೇಲೆ ಸತ್ತು ಕೆಳಗಿಳಿಯುವ ಜೀವಿಗಳನ್ನು ಬ್ಯಾಕ್ಟೀರಿಯಾಗಳು ಕೊಳೆಸುತ್ತಾ ಆಮ್ಲಜನಕವನ್ನು ಮುಗಿಸುತ್ತವೆ. ಹಾಗಾಗಿ ಸುಮಾರು 150 ಮೀಟರ್‌ನಿಂದ 1,000 ಮೀಟರ್‌ವರೆಗಿನ ಆಳದಲ್ಲಿ ಆಮ್ಲಜನಕ ಬಹಳ ಕಡಿಮೆ ಇರುವ ದಪ್ಪ ಪದರವೇ ಇದೆ. ಮಳೆಗಾಲದಲ್ಲಿ ದಡದ ಹತ್ತಿರ ಏರಿ ಬರುವುದು ಈ ಪದರದ ಮೇಲಂಚಿನ ನೀರು. ಗೊಬ್ಬರ ತರುತ್ತದೆ, ಉಸಿರು ತರುವುದಿಲ್ಲ.

ಅದರ ಮೇಲೆ ಇನ್ನೊಂದು. ನೇತ್ರಾವತಿ, ಶರಾವತಿ, ಕಾಳಿ ನದಿಗಳು ಮಳೆಗಾಲದಲ್ಲಿ ಸಿಹಿನೀರನ್ನು ಕಡಲಿಗೆ ಸುರಿಯುತ್ತವೆ. ಸಿಹಿನೀರು ಹಗುರ. ಉಪ್ಪುನೀರಿನ ಮೇಲೆ ಮುಚ್ಚಳದ ಹಾಗೆ ಕೂರುತ್ತದೆ. ಮೇಲಿನ ಗಾಳಿಯ ಆಮ್ಲಜನಕ ಕೆಳಗಿಳಿಯಲು ಬಿಡುವುದಿಲ್ಲ. ಹುಲುಸಾಗಿ ಬೆಳೆದ ಪ್ಲವಕಗಳು ಸತ್ತು ತಳ ಸೇರಿ ಕೊಳೆತಾಗ ಇದ್ದಬದ್ದ ಆಮ್ಲಜನಕವೂ ಖರ್ಚಾಗುತ್ತದೆ. ಸೆಪ್ಟೆಂಬರ್, ಅಕ್ಟೋಬರ್ ಹೊತ್ತಿಗೆ ಕೊರತೆ ತಾರಕಕ್ಕೇರುತ್ತದೆ.

ಗೋವಾದ ರಾಷ್ಟ್ರೀಯ ಸಮುದ್ರ ವಿಜ್ಞಾನ ಸಂಸ್ಥೆಯವರು ಇದನ್ನು ವರ್ಷಗಟ್ಟಲೆ ಅಳೆದಿದ್ದಾರೆ. ಕ್ಯಾಂಡೋಲಿಂ ಕಡಲತೀರದ ಎದುರು ಅವರದ್ದೊಂದು ನಿಗದಿತ ಜಾಗ ಇದೆ. 1997ರಿಂದ ಅಲ್ಲಿಗೆ ಮತ್ತೆ ಮತ್ತೆ ಹೋಗಿ ನೀರು ತಂದು ಪರೀಕ್ಷಿಸುತ್ತಾರೆ. ಈ ಸಂಸ್ಥೆಯ ವಿಜ್ಞಾನಿ ಎಸ್.ಡಬ್ಲ್ಯೂ.ಎ. ನಖ್ವಿ ಮತ್ತು ಸಂಗಡಿಗರು 2000ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬರೆದ ವರದಿ ದೊಡ್ಡ ಸುದ್ದಿಯಾಯಿತು. ಕೆಲವು ಕಡೆ ತಳದ ನೀರಿನಲ್ಲಿ ಆಮ್ಲಜನಕ ಪೂರ್ತಿ ಮುಗಿದು, ಕೊಳೆತ ಮೊಟ್ಟೆಯ ವಾಸನೆಯ ಹೈಡ್ರೋಜನ್ ಸಲ್ಫೈಡ್ ಕೂಡ ಸಿಕ್ಕಿತ್ತು.

ಮೀನು ಒತ್ತಾದರೆ ಹೆಚ್ಚಾದಂತೆ ಕಾಣುತ್ತದೆ

ಈಗ ಮೀನಿನ ಜಾಗದಲ್ಲಿ ನಿಂತು ಯೋಚಿಸಿ. ಕೆಳಗೆ ಉಸಿರಾಡಲು ಆಗಲ್ಲ. ಮೇಲಿನ ಕೆಲವೇ ಮೀಟರ್ ನೀರು ಮಾತ್ರ ಬದುಕಲು ಯೋಗ್ಯ. ಏನು ಮಾಡುತ್ತೀರಿ? ಮೇಲಕ್ಕೆ ಬರುತ್ತೀರಿ, ಒತ್ತೊತ್ತಾಗಿ ಸೇರುತ್ತೀರಿ. ಮನೆಯ ಎಲ್ಲ ಕೋಣೆಗೂ ಹೊಗೆ ತುಂಬಿದರೆ ಎಲ್ಲರೂ ಜಗಲಿಗೆ ಬಂದ ಹಾಗೆ. ಜಗಲಿ ತುಂಬಿತು ಅಂತ ಮನೆಯಲ್ಲಿ ಜನ ಜಾಸ್ತಿಯಾದರು ಅನ್ನಲಾಗುತ್ತದೆಯೇ?

ಬೂತಾಯಿಗೆ ಮೊದಲೇ ಗುಂಪು ಕಟ್ಟುವ ಅಭ್ಯಾಸ. ಕಡಲಿನಲ್ಲಿ ಹತ್ತು ಗುಂಪು ಇದ್ದದ್ದು ಎರಡಕ್ಕೆ ಇಳಿದರೂ, ಆ ಎರಡು ಗುಂಪು ಸಿಕ್ಕಿದ ದೋಣಿಗೆ ಬಲೆ ತುಂಬುತ್ತದೆ. ಈಗಿನ ಪರ್ಸಿನ್ ಬೋಟುಗಳಲ್ಲಿ ಗುಂಪು ಎಲ್ಲಿದೆ ಅಂತ ತೋರಿಸುವ ಉಪಕರಣವೂ ಇದೆ. ಹಾಗಾಗಿ ಮೀನು ಕಡಿಮೆಯಾಗುತ್ತಾ ಹೋದರೂ ಒಂದು ಹಂತದವರೆಗೆ ಬಲೆಗೆ ಅದು ಗೊತ್ತೇ ಆಗುವುದಿಲ್ಲ. ಗೊತ್ತಾಗುವ ಹೊತ್ತಿಗೆ ತಡವಾಗಿರುತ್ತದೆ.

ಇದು ಬರೀ ನಮ್ಮೂರಿನ ಮಾತಲ್ಲ. ಕೆನಡಾದ ನ್ಯೂಫೌಂಡ್‌ಲ್ಯಾಂಡ್ ಕಡಲಿನ ಕಾಡ್ ಮೀನಿನ ಕಥೆಯೂ ಹೀಗೇ. ಮೀನು ಕುಸಿಯುತ್ತಿದ್ದರೂ ದೊಡ್ಡ ಹಡಗುಗಳಿಗೆ ಒಳ್ಳೆ ಮೀನೇ ಸಿಗುತ್ತಿತ್ತು. ಕೊನೆಗೆ 1992ರಲ್ಲಿ ಸರ್ಕಾರ ಆ ಮೀನುಗಾರಿಕೆಯನ್ನೇ ನಿಲ್ಲಿಸಿತು. ಸಾವಿರಾರು ಜನರ ಹೊಟ್ಟೆಪಾಡು ಒಮ್ಮೆಲೇ ಹೋಯಿತು.

ಬೂತಾಯಿ ವಿಷಯದಲ್ಲಿ ತಪ್ಪೆಲ್ಲ ಬಲೆಯದ್ದು ಅಂತಲೂ ಹೇಳಲಾಗದು. ಈ ಮೀನು ಹಿಂದೆಯೂ ಏರಿಳಿತ ಕಂಡಿದೆ. 1940ರ ದಶಕದಲ್ಲಿ ಕುಸಿದಿತ್ತು, 1994ರಲ್ಲೂ ಕುಸಿದಿತ್ತು. 2015ರ ಸುಮಾರಿಗೆ ಬಂದ ಎಲ್ ನಿನೊ ಕಡಲನ್ನು ಬಿಸಿ ಮಾಡಿತು. ಆಯಸ್ಸು ಎರಡು, ಎರಡೂವರೆ ವರ್ಷದ ಮೀನಿಗೆ ಒಂದು ಮಳೆಗಾಲ ಕೈಕೊಟ್ಟರೂ ದೊಡ್ಡ ಪೆಟ್ಟು. ಆದರೆ ಆಯಸ್ಸು ಚಿಕ್ಕದು ಅನ್ನುವುದು ವರವೂ ಹೌದು. ಮೊಟ್ಟೆ ಇಡುವಷ್ಟು ಮೀನು ಉಳಿದಿದ್ದರೆ ಒಳ್ಳೆ ಮಳೆಗಾಲ ಬಂದಾಗ ಬೇಗ ಚೇತರಿಸಿಕೊಳ್ಳುತ್ತದೆ. ಪ್ರಶ್ನೆ ಇರುವುದು ಅಲ್ಲೇ: ನಾವು ಉಳಿಸುತ್ತಿದ್ದೇವಾ?

ನಮ್ಮ ಕೈಯಲ್ಲಿ ಇರುವುದು

ಗಾಳಿ, ಮಳೆ, ಎಲ್ ನಿನೊ ನಮ್ಮ ಕೈಯಲ್ಲಿಲ್ಲ. ಬಲೆ ಇದೆ. ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, ಅಂದರೆ 61 ದಿನ ಯಾಂತ್ರಿಕ ಬೋಟುಗಳು ಕಡಲಿಗಿಳಿಯುವಂತಿಲ್ಲ. ಮೀನು ಮೊಟ್ಟೆ ಇಡುವ ಕಾಲಕ್ಕೆ ಇದು ರಕ್ಷಣೆ. ಆದರೆ ಆಗಸ್ಟ್‌ನಿಂದ ಅಕ್ಟೋಬರ್‌ವರೆಗೆ ಏನು? ಮರಿಗಳು ಬೆಳೆಯುತ್ತಿರುವುದು, ಉಸಿರಿಲ್ಲದ ನೀರಿನಿಂದಾಗಿ ಮೀನು ಮೇಲ್ಪದರಕ್ಕೆ ಒತ್ತಿಬರುವುದು, ಬೋಟುಗಳು ಮತ್ತೆ ಇಳಿಯುವುದು, ಮೂರೂ ಒಂದೇ ಹೊತ್ತಿಗೆ.

ಅದಕ್ಕೇ ಮೀನಿನ ಅಳತೆ ಮುಖ್ಯ. 10 ಸೆಂಟಿಮೀಟರ್‌ಗಿಂತ ಚಿಕ್ಕ ಬೂತಾಯಿ ಹಿಡಿಯಬಾರದು ಅಂತ ಕೊಚ್ಚಿಯ ಸಂಸ್ಥೆ ಶಿಫಾರಸು ಮಾಡಿದೆ. ಮೀನು ಮೊಟ್ಟೆ ಇಡಲು ತಯಾರಾಗುವುದು 15 ಸೆಂಟಿಮೀಟರ್ ಆಸುಪಾಸಿನಲ್ಲಿ. ಹಾಗಾಗಿ 10 ಅನ್ನುವುದು ಕನಿಷ್ಠ ಮರ್ಯಾದೆ ಅಷ್ಟೇ. ತಿನ್ನಲೂ ಬಾರದ ಮರಿಗಳು ಮೀನುಹುಡಿ ಮಾಡುವ ಕಾರ್ಖಾನೆಗೆ ಹೋಗುತ್ತವೆ. ಅವೇ ಮರಿಗಳನ್ನು ಒಂದು ವರ್ಷ ಬಿಟ್ಟಿದ್ದರೆ ತೂಕ ಎಷ್ಟೋ ಪಟ್ಟು ಆಗುತ್ತಿತ್ತು, ಮೊಟ್ಟೆಯನ್ನೂ ಇಟ್ಟಿರುತ್ತಿದ್ದವು.

ಇನ್ನೊಂದು, ಲೆಕ್ಕ ಹಾಕುವ ರೀತಿ. ಎಷ್ಟು ಟನ್ ಬಂತು ಅನ್ನುವುದರ ಜೊತೆಗೆ, ಅಷ್ಟು ಹಿಡಿಯಲು ಎಷ್ಟು ಬೋಟು, ಎಷ್ಟು ಗಂಟೆ ಸುತ್ತಿದವು, ಬಂದ ಮೀನಿನ ಗಾತ್ರ ಎಷ್ಟು ಅಂತ ಕೇಳಬೇಕು. ಬಲೆ ತುಂಬಿದ ಸುದ್ದಿ ಓದಿದಾಗ ನಾವು ಕೇಳಬೇಕಾದ ಪ್ರಶ್ನೆಗಳೂ ಇವೇ.

ಮುಂದಿನ ಸಲ ಮಾರುಕಟ್ಟೆಗೆ ಹೋದಾಗ ಬುಟ್ಟಿಯಲ್ಲಿರುವ ಬೂತಾಯಿಯ ಉದ್ದವನ್ನೊಮ್ಮೆ ನೋಡಿ. ನಾಲ್ಕು ಇಂಚಿಗಿಂತ ಚಿಕ್ಕದಿದ್ದರೆ ಬೇಡ ಅನ್ನಿ. ಮೀನು ಮಾರುವ ಅಕ್ಕನಿಗೆ ಕಾರಣವನ್ನೂ ಹೇಳಿ. ನಮಗಿಂತ ಚೆನ್ನಾಗಿ ಅವರಿಗೇ ಅದು ಗೊತ್ತಿರಲೂಬಹುದು. ಇವತ್ತಿಗೆ ಇಷ್ಟು.