ಹುಳು ಎಂಟು, ಹೆಸರು ಐವತ್ತೊಂಬತ್ತು

ಮೀನಿನ ಹೊಟ್ಟೆ ಸೀಳಿದಾಗ ಬಿಳಿ ಎಳೆಯಂಥ ಹುಳು ಕಂಡರೆ ಇಡೀ ಮೀನನ್ನೇ ಎಸೆದುಬಿಡುವವರುಂಟು. ಕೊಲ್ಹಾಪುರ, ಇಚಲಕರಂಜಿಯ ಪಂಚಗಂಗೆಯ ಕಡೆಯವರೂ ಗಡಹಿಂಗ್ಲಜದ ಹಿರಣ್ಯಕೇಶಿಯ ಕಡೆಯವರೂ "ಫಾದರ್, ಇದನ್ನು ತಿನ್ನಬಹುದೇ? ಹೊಂಡಕ್ಕೆ ಔಷಧಿ ಹಾಕಬೇಕೇ?" ಎಂದು ನಮ್ಮನ್ನು ಕೇಳುತ್ತಾರೆ. ಉತ್ತರಿಸುವ ಮೊದಲು ಆ ಹುಳು ಯಾವುದೆಂದು ತಿಳಿಯಬೇಕು. ಅದೇ ಕಷ್ಟದ ಕೆಲಸ.

ಮಾಗೂರ್ ಮೀನನ್ನೇ ನೋಡೋಣ. ಅದರ ಕರುಳಿನಲ್ಲಿರುವ, ದೇಹದಲ್ಲಿ ತುಂಡುಗಳಿಲ್ಲದ ಲಾಡಿಹುಳುಗಳಿಗೆ ವಿದ್ವಾಂಸರು 59 ಹೆಸರುಗಳನ್ನಿಟ್ಟಿದ್ದರು. 2011ರಲ್ಲಿ ಅನಿರ್ಬಾನ್ ಆಶ್, ತೋಮಾಶ್ ಶೋಲ್ಜ್ ಮತ್ತು ಸಂಗಡಿಗರು ಹಳೆಯ ಮಾದರಿಗಳನ್ನೂ ಹೊಸದಾಗಿ ಸಂಗ್ರಹಿಸಿದವನ್ನೂ ಪರೀಕ್ಷಿಸಿದಾಗ ಉಳಿದ ಜಾತಿಗಳು ಎಂಟೇ! ಕಾರಣವೇನು? ಈ ಹುಳು ಕುಗ್ಗುತ್ತದೆ, ಹಿಗ್ಗುತ್ತದೆ. ಸತ್ತು ಕೊಳೆತ ಮೇಲೆ ತೆಗೆದರೆ, ಗಾಜಿನ ನಡುವೆ ಅದುಮಿದರೆ, ತಲೆಯ ಆಕಾರವೂ ಅಂಡಾಶಯದ ರೂಪವೂ ಕೆಡುತ್ತದೆ. ಕೆಟ್ಟ ರೂಪವೇ ಹೊಸ ಜಾತಿಯೆನಿಸುತ್ತದೆ.

ಇದಕ್ಕೆ ತದ್ವಿರುದ್ಧವೂ ಉಂಟು. ಮೀಸೆಯುಳ್ಳ ಮೀನುಗಳ ಗಾಳಿಚೀಲದಲ್ಲಿ ವಾಸಿಸುವ ಐಸೋಪರಾರ್ಕಿಸ್ ಎಂಬ ಚಪ್ಪಟೆ ಹುಳುವನ್ನು ಏಷ್ಯಾದಿಂದ ಆಸ್ಟ್ರೇಲಿಯಾದವರೆಗೆ ಒಂದೇ ಜಾತಿಯೆಂದು ಬಹುಕಾಲ ಎಣಿಸಿದ್ದರು. 2014ರಲ್ಲಿ ಅಂಗರಚನೆಯ ಜೊತೆಗೆ ಡಿಎನ್‌ಎಯನ್ನೂ ಹೋಲಿಸಿದಾಗ ಅದು ಹಲವು ಜಾತಿಗಳೆಂದು ತಿಳಿಯಿತು. ಕಣ್ಣು ಮತ್ತು ಜೀನು ಎರಡರ ಸಾಕ್ಷಿಯೂ ಬೇಕು.

ರೈತರಿಗೆ ಇದರಿಂದೇನು? ಹುಳು ಗೊತ್ತಾದರೆ ಅದು ಬಂದ ದಾರಿ ಗೊತ್ತಾಗುತ್ತದೆ. ಮಾಗೂರಿನ ಈ ಲಾಡಿಹುಳುಗಳ ಬಳಗದ ಮೊಟ್ಟೆಗಳು ಮೀನಿನ ಮಲದೊಡನೆ ಹೊರಬೀಳುತ್ತವೆ. ಕೆಸರಿನ ಸಣ್ಣ ಕೆಂಪು ಹುಳುಗಳು ಅವನ್ನು ನುಂಗುತ್ತವೆ. ಆ ಕೆಂಪು ಹುಳುಗಳನ್ನು ಮೀನು ತಿನ್ನುತ್ತದೆ. ಆದ್ದರಿಂದ ನೀರಿಗೆ ಔಷಧಿ ಸುರಿದು ಹಣ ಕಳೆಯುವ ಮುನ್ನ ಕೆಸರಿನ ಕಡೆ ನೋಡಿರಿ. ಮೀನು ಹಿಡಿದ ಮೇಲೆ ಹೊಂಡವನ್ನು ಒಣಗಿಸಿ, ಕೆಸರು ತೆಗೆದು, ಸುಣ್ಣ ಹಾಕಿರಿ. ಮೀನಿನ ಕರುಳನ್ನು ಹೊಂಡಕ್ಕೆ ಎಸೆಯದೆ ಹೂಳಿರಿ.

ಪರೀಕ್ಷೆಗೆ ಒಯ್ಯುವುದಾದರೆ ಜೀವಂತ ಮೀನನ್ನೇ ಒಯ್ಯಿರಿ. ಡಿಎನ್‌ಎ ಪರೀಕ್ಷೆಗೆ ಹುಳುವನ್ನು ಶುದ್ಧ ಆಲ್ಕೋಹಾಲಿನಲ್ಲಿ ಇಡುತ್ತಾರೆ. ಫಾರ್ಮಲಿನ್ ಡಿಎನ್‌ಎಯನ್ನು ಕೆಡಿಸುತ್ತದೆ.

ಇನ್ನು ಊಟದ ಮಾತು. ಐಸೋಪರಾರ್ಕಿಸ್ ಮನುಷ್ಯರಲ್ಲಿಯೂ ಕಂಡುಬಂದ ಅಪರೂಪದ ದಾಖಲೆಗಳಿವೆ. ಆದುದರಿಂದ ಹಸಿ ಅಥವಾ ಅರೆಬೆಂದ ಮೀನು ಬೇಡ. ಕರುಳು, ಗಾಳಿಚೀಲ ತೆಗೆದು, ತೊಳೆದು, ಮುಳ್ಳಿನಿಂದ ಮಾಂಸ ಬಿಡುವ ತನಕ ಬೇಯಿಸಿರಿ. ಹಾಗೆ ಬೆಂದ ತಾಜಾ ಮೀನನ್ನು ಒಂದು ಹುಳು ಕಂಡಿತೆಂದು ಎಸೆಯಬೇಕಾಗಿಲ್ಲ.